ಪ್ಲೈವುಡ್ಡಿಗೊಂದು ಮನೆ

ಸಾಗರದಲ್ಲಿ ನಮ್ಮದು 30–40ರ ಸೈಟು. ಸುತ್ತ ಬಿಡಬೇಕಾದಷ್ಟು ಬಿಟ್ಟು, ಉಳಿದದ್ದರಲ್ಲಿ ನಮ್ಮ ಮನೆಯವರ ಮರಗೆಲಸದ ವರ್ಕ್‌ಶಾಪೂ ಆಗಬೇಕು, ಸಂಸಾರವೂ ಸಾಗಬೇಕು. ಮಹಡಿ ಎತ್ತುವ ದುಡ್ಡು ಸದ್ಯಕ್ಕಿಲ್ಲ.

ನಕ್ಷೆ ಬರೆಯಲು ಬಂದ ಎಂಜಿನಿಯರ್ ಪಾಪ, “ಅಡುಗೆಮನೆ ಎಷ್ಟು ದೊಡ್ಡದು ಬೇಕಮ್ಮ?” ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಇವರು, “ಮೊದಲು 20 ಅಡಿ ಉದ್ದ ತೆಗೆದಿಡಿ” ಎಂದರು. ಪ್ಲೈವುಡ್ ಹಾಳೆ 8 ಅಡಿ ಉದ್ದ, 4 ಅಡಿ ಅಗಲ. ಗರಗಸದ ಮೇಜಿನ ಈಚೆ 8 ಅಡಿ ಬೇಕು, ಕೊಯ್ದದ್ದು ಆಚೆ ಸರಿಯಲು ಇನ್ನೊಂದು 8 ಅಡಿ. ಮಿಕ್ಕದ್ದು ಮೇಜಿಗೆ, ಹಾಳೆ ಹಿಡಿದವನಿಗೆ. ಬಾಗಿಲುಗಳೂ ಅಷ್ಟೇ: ಒಳಗೆ ಜೋಡಿಸಿದ ಮಂಚ ಹೊರಗೆ ಹೋಗಬೇಕಲ್ಲ! ಬಚ್ಚಲಿಗೂ ಅಗಲದ ಬಾಗಿಲು ಬರೆಯಲು ಹೊರಟಾಗ ನಾನೇ ತಡೆದೆ.

ಆಮೇಲೆ ಬಂದರು ಜೋಯಿಸರು. ಭಾರದ್ದೆಲ್ಲ ನೈರುತ್ಯಕ್ಕೆ, ಯಜಮಾನರು ಮಲಗುವ ಕೋಣೆಯೂ ನೈರುತ್ಯಕ್ಕೇ. ಪ್ಲೇನರ್ ಯಂತ್ರಕ್ಕೂ ಯಜಮಾನರಿಗೂ ಒಂದೇ ಮೂಲೆ! “ತೂಕ ನೋಡಿದರೆ ಯಂತ್ರದ್ದೇ ಹಕ್ಕು” ಎಂದು ಇವರು ಹೊಟ್ಟೆ ಸವರಿಕೊಳ್ಳುತ್ತ ತ್ಯಾಗ ಮಾಡಿದರು. ದೇವರ ಕೋಣೆ ಮಾತ್ರ ಈಶಾನ್ಯ ಬಿಟ್ಟು ಕದಲದು. ಸರಿ, ಆದರೆ ಮುಂಗಾರಿನ ಗಾಳಿಯ ಹೆಸರೇ ನೈರುತ್ಯ ಮಾರುತ. ಜೂನ್ ಹಿಡಿಯಿತೆಂದರೆ ವರ್ಕ್‌ಶಾಪಿನ ಹುಡಿಯೆಲ್ಲ ನೆಟ್ಟಗೆ ದೇವರ ತಲೆಗೆ. ತೇಗದ ಹುಡಿಯಾದರೆ ಗಂಧವೆಂದು ಒಪ್ಪಿಕೊಂಡಾನು, ಎಂಡಿಎಫ್ ಹುಡಿಯನ್ನು ಯಾವ ದೇವರು ಸಹಿಸಿಯಾನು? ಎಕ್ಸಾಸ್ಟ್ ಫ್ಯಾನು ಯಾವ ದಿಕ್ಕಿಗಿರಬೇಕೆಂದು ಕೇಳಿದ್ದಕ್ಕೆ ಜೋಯಿಸರು ಎಲೆಯಡಿಕೆಯ ತಟ್ಟೆ ಹತ್ತಿರ ಎಳೆದುಕೊಂಡರು.

ನಾನು ಹಟ ಹಿಡಿದದ್ದು ಒಂದಕ್ಕೇ: ವರ್ಕ್‌ಶಾಪಿಗೂ ಅಡುಗೆಮನೆಗೂ ನಡುವೆ ಬಾಗಿಲು ಕೂಡದು. ಚಾ ಬೇಕಾದವರು ಹೊರಗಿನಿಂದ ಸುತ್ತಿಕೊಂಡು, ಮೈ ಕೊಡವಿಕೊಂಡು ಬರಲಿ. ಹುಡಿಯಲ್ಲಿ ಮುಕ್ಕಾಲು ಪಾಲು ಒಳಗೆ ಬರುವುದು ಗಾಳಿಯಲ್ಲಲ್ಲ, ಇವರ ಲುಂಗಿಯ ಮಡಿಕೆಯಲ್ಲಿ.

ಉಳಿದದ್ದು ಸದ್ದು. ಗರಗಸಕ್ಕೆ ಅಂಟಿಕೊಂಡ ಕೋಣೆಯಲ್ಲಿ ಯಾರು ಮಲಗುವುದು ಎಂದು ಎಂಜಿನಿಯರ್ ತಲೆ ಕೆರೆದುಕೊಂಡಾಗ ಅತ್ತೆ ಜಗಲಿಯಿಂದಲೇ ಕೂಗಿದರು: “ಅದು ನಂಗಿರ್ಲಿ ಮಾರಾಯ. ನಮ್ಮ ಯಜಮಾನರ ಕಾಲದಿಂದ ಆ ಸದ್ದಿಗೇ ನಿದ್ದೆ ಮಾಡಿದ್ದೇನೆ. ನಿಂತರೆ ಎಚ್ಚರಾಗ್ತದೆ!”

ಅತ್ತೆಯ ಕೋಣೆ ಇತ್ಯರ್ಥವಾಯಿತು. ನಮ್ಮಿಬ್ಬರ ಕೋಣೆ ಎಲ್ಲೆಂದು ನಕ್ಷೆ ತಿರುಗಿಸಿ ಮುರುಗಿಸಿ ಹುಡುಕಿದೆ. ಇವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಹೇಳಿದರು: “ಹಾಳೆ ತಿರುಗಿಸೋಕೆ ಜಾಗ ಬಿಟ್ಟಿದೀನಲ್ಲ, ರಾತ್ರಿ ಯಾರು ಹಾಳೆ ಕೊಯ್ತಾರೆ?”