ಮೂರು ಊರು, ಮತ್ತೊಂದು ಚೂರು

ಭೂಪಟದಲ್ಲಿ ಬೀರೂರು ಜಂಕ್ಷನ್ನಿನ ಮೇಲೆ ಕೈವಾರದ ಮೊನೆ ಊರಿ ಒಂದು ಸುತ್ತು ಎಳೆದರೆ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಒಳಗೆ ಬೀಳುತ್ತವೆ. ನನ್ನ ಮೇಷ್ಟರಿಕೆ ಆ ವೃತ್ತದಲ್ಲೇ ಹುಟ್ಟಿ ಆ ವೃತ್ತದಲ್ಲೇ ನಿವೃತ್ತವಾಯಿತು. ಏಳನೇ ಕ್ಲಾಸಿಗೆ ಕಲಿಸಿದ್ದೂ ಹೆಚ್ಚಾಗಿ ವೃತ್ತವನ್ನೇ.

ಕಡೂರಿನಲ್ಲಿ ಮೊದಲ ವರ್ಷ. ಬೋರ್ಡಿನ ಮೇಲೆ ಪರಿಧಿಯ ಸೂತ್ರ ಬರೆದೆ. ‘ಪೈ ಅಂದ್ರೆ ಏನು ಸಾರ್?’ ಎಂದ ಒಬ್ಬ. ‘22 ಬೈ 7.’ ‘22 ಬೈ 7 ಯಾಕೆ ಸಾರ್?’ ‘ಪುಸ್ತಕದಲ್ಲಿದೆ, ಬರ್ಕೋ.’ ಹುಡುಗ ಬರೆದುಕೊಂಡ. ಯಾಕೆ ಎಂಬುದು ನನಗೂ ಗೊತ್ತಿಲ್ಲ ಎಂದು ಅವನಿಗೆ ಗೊತ್ತಾಗಿಹೋಗಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೆಯ ದಿನ, ‘ಮನೆಯಲ್ಲಿ ದುಂಡಗಿರೋದು ಏನಿದ್ರೂ ತನ್ನಿ, ಜೊತೆಗೆ ಒಂದು ದಾರ’ ಎಂದೆ. ತೆಂಗಿನ ಸೀಮೆಯಲ್ಲವೇ, ಕರಟಗಳ ರಾಶಿಯೇ ಬಿತ್ತು. ಜೊತೆಗೆ ಬಳೆ, ಸ್ಟೀಲ್ ತಟ್ಟೆ, ಪೌಡರ್ ಡಬ್ಬಿ, ಯಾರದೋ ಅಜ್ಜನ ನಶ್ಯದ ಡಬ್ಬಿ. ಒಬ್ಬಳಂತೂ ರೊಟ್ಟಿ ಹೆಂಚನ್ನೇ ಹೊತ್ತು ತಂದಳು. ಹೆಂಚಿನ ನಡುಮಧ್ಯೆ ಹಾಯಿಸಿ ದಾರ ಕತ್ತರಿಸಿದೆವು: 28 ಸೆಂಟಿಮೀಟರ್. ಅದೇ ದಾರವನ್ನು ಅಂಚಿಗುಂಟ ಒಂದು ಸಲ, ಎರಡು ಸಲ, ಮೂರು ಸಲ ಇಟ್ಟರೂ ಸುತ್ತು ಮುಗಿಯಲಿಲ್ಲ. ಇನ್ನೂ ಎರಡು ಬೆರಳಷ್ಟು ಜಾಗ ಬಾಕಿ. ಮುಂದಿನ ಬೆಂಚಿನವನು ದಾರ ಜಗ್ಗಿ ಮುಗಿಸಲು ನೋಡಿದ. ಅದು ತುಂಡಾಯಿತು, ವೃತ್ತ ಜಗ್ಗಲಿಲ್ಲ. ಬಳೆಗೂ ಡಬ್ಬಿಗೂ ಅದೇ ಕಥೆ: ಮೂರು ದಾರ, ಮತ್ತೊಂದು ಚೂರು. ಆ ಚೂರು ದಾರದ ಸುಮಾರು ಏಳನೇ ಒಂದು ಪಾಲು ಎಂದು ಅಳೆದು ಕಂಡಾಗ 22 ಬೈ 7 ನನಗೂ ಮೊದಲ ಸಲ ಅರ್ಥವಾಯಿತು.

ಅಷ್ಟರಲ್ಲಿ ಹೆಂಚಿನ ಒಡತಿ ಬಾಗಿಲಲ್ಲಿ ನಿಂತಿದ್ದರು. ‘ಮೇಷ್ಟ್ರೇ, ಮಧ್ಯಾಹ್ನಕ್ಕೆ ರೊಟ್ಟಿ ಯಾತರ ಮೇಲೆ ಸುಡ್ಲಿ?’ ನಾನು ಪೈ ವಿವರಿಸಿದೆ. ಆಕೆ ಪೂರ್ತಿ ಕೇಳಿ, ‘ಎರಡು ಬೆರಳಿಗೆ ಇಷ್ಟು ರಾಮಾಯಣವಾ?’ ಎಂದು ಹೆಂಚು ಎತ್ತಿಕೊಂಡು ಹೋದರು.

ಆಕೆಯ ಪಕ್ಷದಲ್ಲಿ ದೊಡ್ಡವರೂ ಇದ್ದಾರೆ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರ ಸಂಗ್ರಹ’ ಬರೆದ ಮಹಾವೀರಾಚಾರ್ಯರು ವ್ಯವಹಾರಕ್ಕೆ ಪರಿಧಿ ವ್ಯಾಸದ 3 ಪಟ್ಟು ಸಾಕು, ಸೂಕ್ಷ್ಮ ಬೇಕಾದವರು 10ರ ವರ್ಗಮೂಲ ಹಿಡಿಯಲಿ ಎಂದರು. ಇದನ್ನು ಹೇಳಿದ್ದೇ ತಪ್ಪಾಯಿತು. ‘ಹಂಗಾದ್ರೆ ಪರೀಕ್ಷೇಲಿ 3 ಅಂತ ಬರೆದ್ರೆ ಮಾರ್ಕ್ಸ್ ಕೊಡ್ತೀರಾ ಸಾರ್?’

ಮುಂದೆ ತರೀಕೆರೆ. ಮಾರ್ಚ್ 14 ಪೈ ದಿನವಂತೆ. ತಿಂಗಳು ಮೊದಲು ಬರೆಯುವ ಅಮೆರಿಕದವರಿಗೆ ಅದು 3.14. ನಮಗೆ ಅದು ಪರೀಕ್ಷೆಯ ಕಾಲ. ತಾರೀಖು ಮೊದಲು ಬರೆಯುವ ನಮಗೆ ಜುಲೈ 22, ಅಂದರೆ 22/7, ಸರಿ. ಆದರೆ ತರೀಕೆರೆಯ ಜುಲೈ ಎಂದರೆ ಮಳೆ. ನನ್ನ ಸೈಕಲ್ಲಿನ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಉರುಳಿಸೋಣವೆಂದರೆ ಗುರುತು ತೊಳೆದುಹೋಯಿತು. ಹುಡುಗರು ಗುರುತಿಗೆ ಸಗಣಿ ಮೆತ್ತಿದರು. 28 ಇಂಚಿನ ಚಕ್ರ. 88 ಇಂಚಿಗೊಂದು ಸಗಣಿಯ ಬೊಟ್ಟು. ಕಡೂರಿನ ಹೆಂಚಿಗೂ ನನ್ನ ಸೈಕಲ್ಲಿಗೂ ಉತ್ತರ ಅದೇ 88 ಎಂದು ನಾನು ಹಿಗ್ಗುತ್ತಿರುವಾಗ ಹುಡುಗರು ಸೈಕಲ್ಲನ್ನು ವರಾಂಡಕ್ಕೆ ಏರಿಸಿದ್ದರು. ಆಗ ತಾನೇ ತೊಳೆದ ನೆಲ. ಹತ್ತನೆಯ ಬೊಟ್ಟು ಹೆಡ್‌ಮಾಸ್ಟರ ಹೊಸಿಲ ಮೇಲೆ ಬಿತ್ತು. 73 ಅಡಿ 4 ಇಂಚು ನೆಲವನ್ನು ನಾನೇ ಒರೆಸಿದೆ. ಪರಿಧಿ ಅಂದಿನಿಂದ ನನಗೆ ಮರೆತಿಲ್ಲ.

ಕೊನೆಗೆ ಅಜ್ಜಂಪುರ. ಅಲ್ಲಿ ವಿಸ್ತೀರ್ಣದ ಪಾಠ. ಮೈದಾನದಲ್ಲಿ ಗೂಟ ಹೊಡೆದು, 7 ಮೀಟರ್ ಹಗ್ಗ ಕಟ್ಟಿ, ಒಬ್ಬ ಹುಡುಗನನ್ನು ಹಸು ಮಾಡಿ, ಕೈಗೆ ಸುಣ್ಣದ ಪುಡಿ ಕೊಟ್ಟು ಸುತ್ತು ಹಾಕಿಸಿದೆ. ‘ಈ ಹಸು ಎಷ್ಟು ಹುಲ್ಲು ಮೇಯುತ್ತೆ?’ 154 ಚದರ ಮೀಟರ್ ಎಂಬ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು.

‘ಯಾವ ಹಸು ಸಾರ್?’

ಅಮೃತ ಮಹಲ್ ತಳಿಯ ಕೇಂದ್ರ ಇರುವ ಊರು ಅದು. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ಯ ದನ, ಟಿಪ್ಪುವಿನ ಫಿರಂಗಿ ಎಳೆದ ದನ, ಕಾವಲಿನಲ್ಲಿ ತನ್ನಿಷ್ಟಕ್ಕೆ ಮೇಯುವ ದನ. ‘ಅಮೃತ ಮಹಲ್ ಆದ್ರೆ ಗೂಟದ ಸಮೇತ ಹೋಗಿರುತ್ತೆ ಸಾರ್!’ ಕ್ಲಾಸೆಲ್ಲ ನಕ್ಕಿತು. ಇನ್ನೊಬ್ಬ, ‘ಸುತ್ತಿದಂಗೆಲ್ಲ ಹಗ್ಗ ಗೂಟಕ್ಕೆ ಸುತ್ಕೊಂಡು ಗಿಡ್ಡ ಆಗುತ್ತಲ್ಲ?’ ಎಂದ. ಹಿಂದಿನ ಸಾಲಿನ ಹುಡುಗಿ ಮೆಲ್ಲಗೆ ಕೇಳಿದಳು: ‘ಹಸು ಕತ್ತು ಚಾಚಿ ಮೇಯುತ್ತಲ್ಲ ಸಾರ್, ಕತ್ತು ಲೆಕ್ಕಕ್ಕಿಲ್ವಾ?’

ಮತ್ತೆ ಅದೇ ಚೂರು! ಕತ್ತಿಗೆ ಒಂದು ಮೀಟರ್ ಹಿಡಿದು ಲೆಕ್ಕ ಹಾಕಿದೆವು. ತ್ರಿಜ್ಯ 8 ಆಯಿತು, ವಿಸ್ತೀರ್ಣ 201 ದಾಟಿತು. ಒಂದೇ ಒಂದು ಮೀಟರ್ ಕತ್ತಿಗೆ 47 ಚದರ ಮೀಟರ್ ಹೆಚ್ಚಿನ ಹುಲ್ಲು! ತ್ರಿಜ್ಯದ ವರ್ಗ ಎಂದರೇನೆಂದು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಆಗದ ಪಾಠವನ್ನು ಹಸುವಿನ ಕತ್ತು ಮಾಡಿ ಮುಗಿಸಿತು.

ಆ ವರ್ಷದ ಪರೀಕ್ಷೆಗೆ ಅದೇ ಪ್ರಶ್ನೆ ಕೊಟ್ಟೆ. ಆ ಹುಡುಗಿ 154 ಚದರ ಮೀಟರ್ ಎಂದು ಬರೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಕತ್ತು ಬಿಟ್ಟು’ ಎಂದು ಸೇರಿಸಿದ್ದಳು. ಪೂರ್ತಿ ಅಂಕ ಕೊಟ್ಟೆ.