ಮೂವತ್ತು ಬೇಡ, ಹಂಪ್ಸ್ ಕೊಡಿ

ಪ್ಯಾರಿಸ್ ನಗರ 2021ರ ಆಗಸ್ಟ್ 30ರಿಂದ ತನ್ನ ಬಹುತೇಕ ಬೀದಿಗಳಲ್ಲಿ ವಾಹನಗಳ ವೇಗಮಿತಿಯನ್ನು ಗಂಟೆಗೆ 30 ಕಿಲೋಮೀಟರಿಗೆ ಇಳಿಸಿತು. ಅದಕ್ಕಾಗಿ ಅಲ್ಲಿನವರು ವಾದ ಮಾಡಿದರು, ಜಗಳ ಆಡಿದರು, ಬೀದಿಬೀದಿಗೆ ಬೋರ್ಡು ನೆಟ್ಟರು. ಪಾಪ, ಬೆಂಗಳೂರಿಗೆ ಬಂದು ಒಂದು ಮಾತು ಕೇಳಿದ್ದರೆ ಇಷ್ಟೆಲ್ಲ ಖರ್ಚು ಬೇಕಿರಲಿಲ್ಲ. ಊರೂರಿನ ಟ್ರಾಫಿಕ್ ಅಳೆಯುವ ನೆದರ್ಲೆಂಡ್ಸ್‌ನ ಟಾಮ್‌ಟಾಮ್ ಕಂಪನಿ 2022ರ ಲೆಕ್ಕ ತೆಗೆದಾಗ, ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಹಿಡಿಯುತ್ತಿತ್ತು. ಅಂದರೆ ಗಂಟೆಗೆ 20 ಕಿ.ಮೀ. ಚಿಲ್ಲರೆ. ಪ್ಯಾರಿಸ್ ಕಾನೂನು ಮಾಡಿ ಇಳಿಯಬೇಕಾದ ಮೆಟ್ಟಿಲನ್ನು ನಾವು ಒಂದೇ ಒಂದು ಬೋರ್ಡಿಲ್ಲದೆ ಇಳಿದು, ಇನ್ನೂ ಹತ್ತು ಕೆಳಗೆ ಹೋಗಿ ಕೂತಿದ್ದೇವೆ. ಆ ವರ್ಷದ ಪಟ್ಟಿಯಲ್ಲಿ ನಮಗಿಂತ ನಿಧಾನ ಇದ್ದದ್ದು ಲಂಡನ್ ಒಂದೇ.

ಇಂಥ ಊರಿನಲ್ಲಿ ಯಾರಾದರೂ 30ರ ಮಿತಿ ತರುತ್ತೇವೆ ಎಂದರೆ ಅದು ವೇಗ ಹೆಚ್ಚಿಸುವ ಯೋಜನೆಯೇ ಸರಿ. ಹಾರ ತುರಾಯಿ ಹಾಕಿ ಸ್ವಾಗತಿಸಬೇಕು. ಆದರೆ ಯಾವುದಾದರೂ ಅಪಾರ್ಟ್‌ಮೆಂಟಿನ ಸಂಘದ ಸಭೆಯಲ್ಲಿ ಈ ಮಾತು ಎತ್ತಿ ನೋಡಿ. ಬೆಳಿಗ್ಗೆಯಷ್ಟೇ ಮಾರತ್‌ಹಳ್ಳಿ ಸೇತುವೆಯ ಹತ್ತಿರ ಮೊದಲನೇ ಗೇರಿನಿಂದ ಎರಡನೆಯದಕ್ಕೆ ಹೋಗುವ ಭಾಗ್ಯವಿಲ್ಲದೆ ಕೂತು ಬಂದವರೇ ಕೆಂಡವಾಗುತ್ತಾರೆ. ಅವರಿಗೊಂದು ಹಕ್ಕಿದೆಯಲ್ಲ! ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ನಗರದ ರಸ್ತೆಯಲ್ಲಿ ಕಾರಿಗೆ 70, ಬೈಕಿಗೆ 60ರ ಮಿತಿ ಬರೆದಿತ್ತು. ಆ ಎಪ್ಪತ್ತು ಬ್ಯಾಂಕ್ ಲಾಕರಿನಲ್ಲಿಟ್ಟ ಅಜ್ಜಿಯ ಡಾಬಿನ ಹಾಗೆ. ತೊಡುವುದಿಲ್ಲ, ತೊಟ್ಟವರನ್ನು ಯಾರೂ ಕಂಡಿಲ್ಲ. ಆದರೆ ಅದಕ್ಕೆ ಕೈ ಹಾಕಿದರೆ ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಾರೆ.

ಮೊದಲು ಬರುವ ಪ್ರಶ್ನೆ ಎಲ್ಲ ಊರಲ್ಲೂ ಒಂದೇ: ‘ಆಂಬುಲೆನ್ಸ್ ಗತಿಯೇನು?’ ನಮ್ಮ ಕಾರಿನವರಿಗೆ ಆಂಬುಲೆನ್ಸ್ ಮೇಲೆ ಕಾಳಜಿ ಉಕ್ಕುವುದು ಎರಡು ಸಂದರ್ಭಗಳಲ್ಲಿ. ವೇಗಮಿತಿಯನ್ನು ವಿರೋಧಿಸುವಾಗ ಮತ್ತು ಅದರ ಬಾಲ ಹಿಡಿದು ಸಿಗ್ನಲ್ ದಾಟುವಾಗ.

ಹಾಗೆಂದು ಆ ಎಪ್ಪತ್ತು ಪೂರ್ತಿ ವ್ಯರ್ಥವಾಗುತ್ತಿದೆ ಎನ್ನಲಾಗದು. ರಾತ್ರಿ ಹನ್ನೊಂದರ ಮೇಲೆ ಲಾಕರ್ ತೆರೆಯುತ್ತದೆ. ಹಗಲೆಲ್ಲ ಕೂಡಿಟ್ಟ ಸಿಟ್ಟು ಖಾಲಿ ಫ್ಲೈಓವರ್ ಮೇಲೆ ಒಂದೇ ಉಸಿರಿಗೆ ಖರ್ಚಾಗುತ್ತದೆ. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದು ಹೈಸ್ಕೂಲಿನ ಪಾಠ. ದೇಶದಲ್ಲೇ ಅತಿ ಹೆಚ್ಚು ಎಂಜಿನಿಯರುಗಳಿದ್ದಾರೆಂದು ಎದೆ ತಟ್ಟಿಕೊಳ್ಳುವ ಊರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ವರ್ಷಕ್ಕೆ ಎಂಟುನೂರರ ಆಚೀಚೆ ಜನ ಇಲ್ಲಿನ ರಸ್ತೆಗಳಲ್ಲಿ ಸಾಯುತ್ತಿದ್ದಾರೆ. ಹೆಚ್ಚಿನವರು ನಡೆದು ಹೋಗುತ್ತಿದ್ದವರು, ಇಲ್ಲವೇ ದ್ವಿಚಕ್ರದವರು. ಮರುದಿನ ಪತ್ರಿಕೆಯ ಒಳಪುಟದಲ್ಲಿ ‘ಅಪರಿಚಿತ ವಾಹನ ಡಿಕ್ಕಿ’ ಎಂದು ನಾಲ್ಕು ಸಾಲು. ಕ್ಯಾಮೆರಾ ಇಲ್ಲದ ಕಂಬವಿಲ್ಲ, ಆದರೂ ಈ ಅಪರಿಚಿತನ ಪರಿಚಯ ಇನ್ನೂ ಆಗಿಲ್ಲ.

ಇಷ್ಟು ಓದಿ ಬೆಂಗಳೂರಿಗರು ನಿಧಾನದ ವೈರಿಗಳು ಎಂದುಕೊಂಡರೆ ಅದು ಅನ್ಯಾಯ. ಅವರಷ್ಟು ಗಾಢವಾಗಿ ನಿಧಾನವನ್ನು ಪ್ರೀತಿಸುವವರು ಇನ್ನೊಬ್ಬರಿಲ್ಲ. ಅದು ತಮ್ಮ ಮನೆಯ ಮುಂದೆ ಇರಬೇಕು, ಅಷ್ಟೆ. ನಗರಕ್ಕೆ 30ರ ಮಿತಿ ಬೇಡವೆಂದು ಸಭೆಯಲ್ಲಿ ಗುಡುಗಿದ ಅದೇ ಮಹನೀಯರು ಸಂಜೆ ಲೆಟರ್‌ಹೆಡ್ ತೆಗೆದು ವಾರ್ಡ್ ಕಚೇರಿಗೆ ಬರೆಯುತ್ತಾರೆ: ‘ನಮ್ಮ ಅಡ್ಡರಸ್ತೆಯಲ್ಲಿ ಹೊರಗಿನವರು ಅತಿವೇಗವಾಗಿ ಬರುತ್ತಿದ್ದು, ಮಕ್ಕಳು ವೃದ್ಧರು ಓಡಾಡುವುದು ಕಷ್ಟವಾಗಿರುತ್ತದೆ. ಆದ್ದರಿಂದ ದಯಮಾಡಿ ಎರಡು ಹಂಪ್ಸ್ ಹಾಕಿಸಿಕೊಡಬೇಕಾಗಿ ವಿನಂತಿ.’

ಈ ಹಂಪ್ಸಿಗೂ ಒಂದು ಶಾಸ್ತ್ರವಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ದಶಕಗಳ ಹಿಂದೆಯೇ ಬರೆದಿಟ್ಟಿದೆ: 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, ದಾಟುವ ವೇಗ ಗಂಟೆಗೆ 25 ಕಿ.ಮೀ. ಅಂದರೆ ಕೈ ಮುಗಿದು ಕೇಳಿ ಹಾಕಿಸಿಕೊಳ್ಳುವ ಹಂಪ್ಸ್ ಪ್ಯಾರಿಸ್ಸಿನ ಮಿತಿಗಿಂತ ಐದು ಕಡಿಮೆ. ಆದರೆ ಶಾಸ್ತ್ರ ಪುಸ್ತಕದಲ್ಲಿ. ರಸ್ತೆಯಲ್ಲಿ ನಡೆಯುವುದೇ ಬೇರೆ. ಡಾಂಬರು ಹಾಕುವ ಲಾರಿ ಬಂದ ರಾತ್ರಿ ಪ್ರಭಾವಿಗಳ ಮನೆಯವರೊಬ್ಬರು ಗೇಟಿಗೆ ಬಂದು ನಿಲ್ಲುತ್ತಾರೆ, ಮೇಸ್ತ್ರಿಯ ಜೊತೆ ಎರಡು ಮಾತು ಆಗುತ್ತದೆ, ಉಳಿದ ಡಾಂಬರು ಅಲ್ಲೇ ಅಡ್ಡಡ್ಡ ಸುರಿಯುತ್ತದೆ. ಬೆಳಗಾಗುವಷ್ಟರಲ್ಲಿ ಒಂದು ಗೇಣಗಲದ ಕರಿ ದಿಂಡು ರೆಡಿ. ಬಿಳಿ ಪಟ್ಟೆಯಿಲ್ಲ, ಬೋರ್ಡಿಲ್ಲ. ಮೊದಲ ಸ್ಕೂಟರ್ ಬರುತ್ತದೆ. ಹಿಂದೆ ಕೂತ ಹೆಂಗಸು ಮಗುವಿನ ಜೊತೆ ಸೀಟಿನಿಂದ ಮೇಲೆದ್ದು ಕೆಳಗೆ ಕೂರುತ್ತಾಳೆ, ಕ್ಯಾರಿಯರಿನಿಂದ ಟೊಮೇಟೊ ಉರುಳುತ್ತದೆ. ಆಮೇಲೆ ಕಾರು, ತಳ ಉಜ್ಜುವ ಕರಕರ ಸದ್ದು. ಗೇಟಿನೊಳಗೆ ಕಾಫಿ ಕುಡಿಯುತ್ತಿದ್ದವರ ಮುಖದಲ್ಲಿ ಸಮಾಧಾನ. ಈ ವೇಗ ನಿಯಂತ್ರಣಕ್ಕೆ ಸಾರ್ವಜನಿಕ ಅಭಿಪ್ರಾಯ ಯಾರೂ ಕೇಳಲಿಲ್ಲ, ಆಂಬುಲೆನ್ಸ್ ನೆನಪೂ ಯಾರಿಗೂ ಬರಲಿಲ್ಲ.

ಇನ್ನು, ಹಂಪ್ಸ್ ಇಲ್ಲದೆಯೂ ನಿಧಾನವಾಗಿ ಹೋಗುವ ಸೈಕಲ್ಲಿನ ಪಥ. ಬೆಂಗಳೂರಿನಲ್ಲಿ ಸೈಕಲ್ ಪಥ ಇಲ್ಲ ಎನ್ನುವವರ ಮಾತು ನಂಬಬೇಡಿ. ದಶಕದ ಹಿಂದೆ ಜಯನಗರದಲ್ಲಿ ಮಾಡಿದ್ದರು. ಕಾರು ನಿಲ್ಲಿಸಲು ಅಷ್ಟು ಅಚ್ಚುಕಟ್ಟಾಗಿ ಗೆರೆ ಎಳೆದುಕೊಟ್ಟ ಪುಣ್ಯಾತ್ಮರನ್ನು ಆ ಬಡಾವಣೆಯವರು ಈಗಲೂ ನೆನೆಯುತ್ತಾರೆ. ಕೋವಿಡ್ ಕಾಲದ 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು, ಕಾರಿನಿಂದ ಬೇರ್ಪಡಿಸಿದ ಪಥವನ್ನೇ ಮಾಡಿದರು. ಕೇಂದ್ರ ಸರ್ಕಾರದ ‘ಸೈಕಲ್ಸ್ ಫಾರ್ ಚೇಂಜ್’ ಸ್ಪರ್ಧೆಯಲ್ಲಿ ಗೆದ್ದ ಹನ್ನೊಂದು ನಗರಗಳಲ್ಲಿ ಬೆಂಗಳೂರೂ ಒಂದಾಯಿತು. ಆಮೇಲೆ ಮೆಟ್ರೋ ಕಾಮಗಾರಿ ಬಂತು, ಪಥ ಹೋಯಿತು. ಪ್ರಶಸ್ತಿ ಹಾಗೇ ಇದೆ. ಪ್ರಶಸ್ತಿಗೆ ಜಾಗ ಬೇಕಿಲ್ಲವಲ್ಲ.

ಗೂಟಗಳ ಆಯುಷ್ಯ ಮಾತ್ರ ನೋಡುವಂಥದ್ದು. ರಸ್ತೆಯಲ್ಲಿ ನೆಟ್ಟಾಗ ಅದಕ್ಕೆ ನೂರು ವೈರಿಗಳು. ಬಸ್ಸು ಒರೆಸುತ್ತದೆ, ಟೆಂಪೊ ಮಲಗಿಸುತ್ತದೆ. ಒಂದು ಸಲ ಬುಡ ಸಡಿಲವಾಯಿತೆಂದರೆ ಅದರ ನಿಜವಾದ ಬದುಕು ಶುರು. ನಮ್ಮ ಕಡೆಯ ಒಂದು ಟೀ ಅಂಗಡಿಯ ಮುಂದೆ ಅಂಥದ್ದೊಂದು ಕಿತ್ತಳೆ ಗೂಟ ಪೇಂಟ್ ಡಬ್ಬಿಯ ಸಿಮೆಂಟಿನಲ್ಲಿ ಭದ್ರವಾಗಿ ನಿಂತಿದೆ, ತಲೆಗೆ ‘ಇಲ್ಲಿ ಗಾಡಿ ನಿಲ್ಲಿಸಬಾರದು’ ಎಂಬ ರಟ್ಟು ಕಟ್ಟಿಸಿಕೊಂಡು. ಇಲಾಖೆಯ ಕೈಲಿ ಆಗದ ಕೆಲಸವನ್ನು ಅದು ಈಗ ಖಾಸಗಿಯಾಗಿ ಚೆನ್ನಾಗಿ ಮಾಡುತ್ತಿದೆ. ಒಂದು ಗಾಡಿಯೂ ಅಲ್ಲಿ ನಿಲ್ಲುವುದಿಲ್ಲ.

‘ಸೈಕಲ್ ಓಡಿಸುವವರು ಎಲ್ಲಿದ್ದಾರ್ರೀ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬೆಳಗಿನ ಜಾವ ಇವರ ಮನೆಗೆ ಪೇಪರ್ ಎಸೆದವನು, ರಾತ್ರಿ ಪಾಳಿ ಮುಗಿಸಿ ಹೊರಟ ಸೆಕ್ಯುರಿಟಿಯವನು, ಕರಣೆ ಮಟ್ಟಗೋಲು ಕಟ್ಟಿಕೊಂಡು ಹೊರಟ ಗಾರೆಯವನು, ಇವರೆಲ್ಲ ಸೈಕಲ್ ಮೇಲೇ ಇದ್ದರೂ ಸೈಕ್ಲಿಸ್ಟುಗಳಲ್ಲ. ಸೈಕ್ಲಿಸ್ಟ್ ಎಂದರೆ ಮೈಗಂಟುವ ಬಟ್ಟೆ, ಕಪ್ಪು ಕನ್ನಡಕ, ಲಕ್ಷದ ಗಾಡಿ. ಪಥದ ಉದ್ಘಾಟನೆಯ ಫೋಟೊಗೆ ಅವನೇ ಬೇಕು. ಅವನೋ ಊರೊಳಗೆ ಸೈಕಲ್ ತುಳಿಯಲು ಹೆದರಿ, ಭಾನುವಾರ ಅದನ್ನು ಕಾರಿನ ಹಿಂದಕ್ಕೆ ಕಟ್ಟಿಕೊಂಡು ನಂದಿಬೆಟ್ಟದ ಬುಡದವರೆಗೆ ಡ್ರೈವ್ ಮಾಡುತ್ತಾನೆ. ನಮ್ಮ ರಾಜ್ಯ ಸರ್ಕಾರವೇ 2006-07ರಿಂದ ವರ್ಷಗಟ್ಟಲೆ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಹಂಚಿತು. ಅದನ್ನು ತುಳಿಯುತ್ತ ಬೆಳೆದ ಹುಡುಗರು ಈಗ ಬೆಂಗಳೂರಿಗೆ ಬಂದು ಬ್ಯಾಟರಿ ಸ್ಕೂಟರಿನಲ್ಲಿ ಊಟ ತಲುಪಿಸುತ್ತಿದ್ದಾರೆ. ಗಂಟೆಗೆ 25 ಕಿ.ಮೀ. ಮೀರದ ಆ ಪುಟ್ಟ ಗಾಡಿಗೆ ಲೈಸೆನ್ಸೂ ಬೇಡ. ರಸ್ತೆ ಖಾಲಿಯಿದ್ದರೂ 30 ಮೀರದ ಮೋಟಾರು ಗಾಡಿ ಈ ಊರಿನಲ್ಲಿ ಅದೊಂದೇ. ಅದಕ್ಕೆ ರಸ್ತೆಯಲ್ಲಿ ಜಾಗ ಸಿಗದೆ ಫುಟ್‌ಪಾತ್ ಹತ್ತಿದೆ, ಫುಟ್‌ಪಾತಿನವರು ರಸ್ತೆಗಿಳಿದಿದ್ದಾರೆ.

ಆದರೆ ಸರ್ಕಾರ ಸುಮ್ಮನೆ ಕೂತಿಲ್ಲ. ಸುರಂಗ ರಸ್ತೆಯ ಯೋಜನೆ ತಂದಿದೆ. ಸುಮಾರು 17 ಕಿ.ಮೀ. ಉದ್ದ, ಸುಮಾರು 17 ಸಾವಿರ ಕೋಟಿ ರೂಪಾಯಿ. ಲೆಕ್ಕ ಬಾರದವರಿಗೂ ನೆನಪಿರಲಿ ಎಂದು ಕಿಲೋಮೀಟರಿಗೆ ಸಾವಿರ ಕೋಟಿಯಂತೆ ಕೂಡಿಸಿದ್ದಾರೆ. ದ್ವಿಚಕ್ರಕ್ಕೆ ಪ್ರವೇಶವಿಲ್ಲ, ಹಾಗಾಗಿ ಸೈಕಲ್ ಪಥ ಬೇಕೆಂಬ ತಕರಾರೂ ಇಲ್ಲ. ಮನೆಗಳಿಲ್ಲದ ಮೇಲೆ ಹಂಪ್ಸಿಗಾಗಿ ಅರ್ಜಿಯೂ ಬಾರದು. ಟೋಲ್ ಕಟ್ಟಿ ಹೆಬ್ಬಾಳದಲ್ಲಿ ಒಳಹೊಕ್ಕವರು ಒಂದು ಸಿಗ್ನಲ್ಲೂ ಇಲ್ಲದೆ ಭರ್ರನೆ ಹಾರಿಬಂದು ಹೊರಬೀಳುವುದು ಟ್ರಾಫಿಕ್ ಜಾಮಿಗೇ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ.