ಯಾವಾಗ ಓಡತದ್ರೀ?

ಹಳೇ ಮೋಟಾರ್ ಸೈಕಲ್ಲನ್ನು ಮನೆಯಲ್ಲೇ ಬಿಚ್ಚಿ ಮತ್ತೆ ಕಟ್ಟುವವನನ್ನು ಏನು ಬೇಕಾದರೂ ಕೇಳಿ, ‘ಯಾವಾಗ ಓಡತದ್ರೀ?’ ಅಂತ ಮಾತ್ರ ಕೇಳಬೇಡಿ. ಕಾಂಪೌಂಡಿನ ಆಚೆ ಇರುವ ರಾಯಚೂರಿನ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಬೆಳಿಗ್ಗೆ ಗಿಡಕ್ಕೆ ನೀರು ಬಿಡಲು ಬಂದವರು ಪೈಪು ಹಿಡಿದೇ ಗೋಡೆಗೆ ಮೊಣಕೈ ಊರುತ್ತಾರೆ. “ಏನ್ರೀ ಮೈಸೂರ್ ಸರ್, ಇನ್ನಾ ನಟ್ಟು ಬೋಲ್ಟಿನಾಗೇ ಅದೀರಲ್ರೀ?” ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಇದು ಸಹಜವೇ ಅನ್ನಿ. ಇಲ್ಲಿ ಎಲ್ಲರಿಗೂ ಎಲ್ಲಿಗೋ ಮುಟ್ಟುವ ಅವಸರ. ತಲೆಯ ಮೇಲೆ 2018ರಿಂದ ಮೆಟ್ರೊ, ಕೆಳಗೆ ಬ್ಯಾಗು ಹೊತ್ತು ಓಡುವ ಕೋಚಿಂಗ್ ಸೆಂಟರಿನ ಮಕ್ಕಳು. ಇಂಥ ಕಡೆ ಒಬ್ಬ ಗ್ರೀಸು ಮೆತ್ತಿದ ಬನಿಯನ್ನಿನಲ್ಲಿ ಕುಕ್ಕರುಗಾಲಲ್ಲಿ ಕೂತು ತುಕ್ಕು ಹಿಡಿದ ಸ್ಕ್ರೂವಿನ ಜೊತೆ ಮಾತಾಡುತ್ತಿದ್ದರೆ ವಿಚಾರಿಸಬೇಕಾದ್ದೇ.

ನನ್ನದು 1968ರ ಜಾವಾ. ಅವರ ಪ್ರೀತಿಯೆಲ್ಲ ಆಲ್ವಿನ್ ಪುಷ್ಪಕ್ ಸ್ಕೂಟರಿನ ಮೇಲೆ. “ಹೈದ್ರಾಬಾದಿನಾಗೇ ಮಾಡಿದ ಗಾಡಿ ಬಿಟ್ಟು ಪರದೇಶದ್ದು ಯಾಕ್ರೀ?” ಪರದೇಶ ಅಂದರೆ ನನಗೆ ಮೈ ಉರಿಯುತ್ತದೆ. ಮೂಲ ಚೆಕೊಸ್ಲೊವಾಕಿಯಾ ಇರಬಹುದು. 1961ರಿಂದ ಅದು ತಯಾರಾದದ್ದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಆಮೇಲೆ ಅದೇ ಗೇಟಿನಿಂದ ಯೆಜ್ಡಿ ಬಂತು, ರೋಡ್‌ಕಿಂಗ್ ಬಂತು, 1996ರಲ್ಲಿ ಗೇಟೇ ಮುಚ್ಚಿತು. ಇಷ್ಟು ಕೇಳಿದ ಮೇಲೆ ಅವರು “ಹಂಗಾದ್ರ ನಮ್ಮದೇ ಬಿಡ್ರಿ” ಅಂತ ರಾಜಿಯಾದರು. ರಾಯಚೂರಿಗೆ 1956ರವರೆಗೂ ಹೈದರಾಬಾದೇ ರಾಜಧಾನಿ. ಹಾಗಾಗಿ ಅವರ ‘ನಮ್ಮದು’ ಎರಡೂ ಕಡೆ ಸಲ್ಲುತ್ತದೆ.

ಅವರನ್ನು ನಿಜಕ್ಕೂ ಬೆರಗುಗೊಳಿಸಿದ್ದು ಕಿಕ್ಕರ್. ಜಾವಾದಲ್ಲಿ ಗೇರೂ ಕಿಕ್ಕರೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮತ್ತೆ ಇಳಿಸಿದರೆ ಗೇರು. ಕಾಲಲ್ಲಿ ಗೇರು ಒತ್ತಿದರೆ ಕ್ಲಚ್ಚೂ ತಾನಾಗಿ ಬಿಡುತ್ತದೆ. ಸಿಲಿಂಡರು ಮಾತ್ರ ಒಂದು, ಸೈಲೆನ್ಸರು ಎರಡು. “ಸೊಸಿ ಒಬ್ಬಾಕಿ, ಅತ್ತಿ ಇಬ್ಬರು ಅಂದಂಗಾತು” ಎಂದು ನಕ್ಕರು. ಅವರ ಮನೆಯೊಳಗಿಂದ ಯಾರೋ ಕೆಮ್ಮಿದರು.

ಎಲ್ಲವನ್ನೂ ಮನೆಯಲ್ಲೇ ಮಾಡಿದೆ ಎಂದು ಹೇಳಿಕೊಳ್ಳುವ ನಮ್ಮ ಜಾತಿಯವರು ಸ್ವಲ್ಪ ಬುರುಡೆ ಬಿಡುತ್ತೇವೆ. ಹೆಡ್ಡು, ಬ್ಲಾಕು, ಪಿಸ್ಟನ್ನು ಬಿಚ್ಚಿ ಕರಿ ಕೆರೆಯುವುದು, ಪಾಯಿಂಟ್ ಉಜ್ಜಿ ಗ್ಯಾಪ್ ಹೊಂದಿಸುವುದು ಮನೆಯ ಕೆಲಸ. 65 ಮಿ.ಮೀ. ಬೋರು ಸವೆದಿದ್ದರೆ ಬ್ಲಾಕು ಹೊತ್ತುಕೊಂಡು ಲೇತ್ ಅಂಗಡಿಗೆ ಹೋಗಲೇಬೇಕು, ಓವರ್‌ಸೈಜ್ ಪಿಸ್ಟನ್ ಹಾಕಿಸಲೇಬೇಕು. ಕ್ರ್ಯಾಂಕಂತೂ ಎರಡು ತಟ್ಟೆಗಳ ನಡುವೆ ಪಿನ್ನು ಒತ್ತಿ ಕೂರಿಸಿದ್ದು. ಕನೆಕ್ಟಿಂಗ್ ರಾಡ್ ಬದಲಿಸಲು ಪ್ರೆಸ್ಸಿನಲ್ಲಿ ಬಿಡಿಸಿ, ಮತ್ತೆ ಒತ್ತಿ, ಡಯಲ್ ಗೇಜ್ ಇಟ್ಟು ಕೂದಲೆಳೆಯಷ್ಟೂ ಓರೆಯಿಲ್ಲದಂತೆ ಹೊಂದಿಸಬೇಕು. ಸುತ್ತಿಗೆಯಲ್ಲೇ ಮುಗಿಸಿದವರ ಗಾಡಿ ಹತ್ತಿದರೆ ಸವಾರನ ಹಲ್ಲು ಕಟಕಟ ಎನ್ನುತ್ತವೆ.

ಆದರೆ ಟೂ ಸ್ಟ್ರೋಕಿನ ಜೀವ ಇರುವುದು ಆಯಿಲ್ ಸೀಲಿನಲ್ಲಿ. ಪೆಟ್ರೋಲು, ಗಾಳಿ ಎರಡೂ ಮೊದಲು ಹೋಗುವುದು ಕ್ರ್ಯಾಂಕಿನ ಕೋಣೆಗೆ. ಅಲ್ಲಿ ಹೊರಗಿನ ಗಾಳಿ ಸುಳಿಯಬಾರದು. ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಗಾಡಿಯ ಸೀಲು ಒಣಗಿ ಬಿರಿದಿರುತ್ತದೆ, ಗಾಳಿ ನುಸುಳುತ್ತದೆ, ಪೆಟ್ರೋಲಿನ ಪಾಲು ಕಮ್ಮಿಯಾಗಿ ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಅರಚುತ್ತದೆ. ಜನ ಬೈಯುವುದು ಮಾತ್ರ ಪಾಪದ ಕಾರ್ಬುರೇಟರನ್ನು.

ಸಾಮಾನು ಹುಡುಕುವುದರಲ್ಲೇ ಅರ್ಧ ಸುಖ. ಬೇರಿಂಗಿಗೆ ರಾಣಿಗಂಜ್, ಮೇಲೆ ಕೆತ್ತಿದ ನಂಬರ್ ಹೇಳಿದರೆ ಸಾಕು, ಯಾವ ಗಾಡಿ ಅಂತ ಯಾರೂ ಕೇಳುವುದಿಲ್ಲ. ಉಳಿದದ್ದಕ್ಕೆ ಗುರುವಾರ ಜುಮೇರಾತ್ ಬಜಾರ್, ಭಾನುವಾರ ಎರ್ರಗಡ್ಡ. ನೆಲದ ಮೇಲೆ ಹರಡಿದ ಗುಜರಿಯಲ್ಲಿ ಮಿಕ್ಸಿ ಜಾರು, ನಿಂತ ಗಡಿಯಾರ, ನಡುವೆ ಒಂದು ಹಳೇ ಸ್ಪೀಡೋಮೀಟರ್. ಮುಖದಲ್ಲಿ ಆಸೆ ಕಂಡಿತೋ, ಬೆಲೆ ದುಪ್ಪಟ್ಟು. ರಾಯಚೂರಿನವರು ಜೊತೆಗಿದ್ದರೆ ಈ ಭಯವಿಲ್ಲ. “ಕ್ಯಾ ಮಿಯಾ, ಯೇ ಕಚರಾ ಕಿತ್ತೇ ಕೂ?” ಎಂದು ದಖನಿಯಲ್ಲಿ ಶುರು ಮಾಡಿದರೆ ಅಂಗಡಿಯವನಿಗೇ ತನ್ನ ಮಾಲಿನ ಮೇಲೆ ಅನುಮಾನ ಬರುತ್ತದೆ.

ಟ್ಯಾಂಕಿನ ತುಕ್ಕಿಗೆ ಅಡುಗೆಮನೆಯ ನಿಂಬೆ ಉಪ್ಪು ಸಾಕು. ಬಿಸಿನೀರಲ್ಲಿ ಕರಗಿಸಿ ತುಂಬಿ, ರಾತ್ರಿಯಿಡೀ ಬಿಟ್ಟು, ತೊಳೆದ ತಕ್ಷಣ ಒಣಗಿಸಬೇಕು. ಕಾಫಿ ಕುಡಿದು ಬರುತ್ತೇನೆಂದರೆ ಹೊಸ ತುಕ್ಕು ಕಾದಿರುತ್ತದೆ. ಈಗಿನ ಶೇ. 20 ಎಥನಾಲ್ ಬೆರೆತ ಪೆಟ್ರೋಲು ಬೇರೆ ತೇವ ಹೀರುತ್ತದೆ, ಹಳೇ ರಬ್ಬರಿಗೂ ಅದು ಆಗಿಬರುವುದಿಲ್ಲ. ಬಣ್ಣದ ವಿಷಯದಲ್ಲಿ ನಾನು ಹಠಮಾರಿ. ಮರೂನ್ ಬಣ್ಣ ಮಾಸಿದ್ದರೆ ಮಾಸಿರಲಿ. ಕನ್ನಡಿಯ ಹಾಗೆ ಹೊಳೆಸಿದರೆ ಮದುವೆ ಮಂಟಪಕ್ಕೆ ಬಾಡಿಗೆಗೆ ತಂದದ್ದು ಅನ್ನಿಸುತ್ತದೆ.

ಕೊನೆಗೆ ಕಾಗದಪತ್ರದ ಮಾತು ಬಂತು. 2021ರ ಕೇಂದ್ರದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸದಾಗಿ ಮಾಡಿಸಿದರೆ 20,000 ರೂಪಾಯಿ, ಹತ್ತು ವರ್ಷದ ಮೇಲೆ ಮತ್ತೆ ಮಾಡಿಸಲು 5,000. ಮೊದಲೇ ನೋಂದಣಿ ಇದ್ದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ ನನ್ನ ಎಂ.ವೈ. ನಂಬರಿಗೆ ಇದೊಂದು ಸಮಾಧಾನ. ಆದರೆ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲಿಕ್ಕೆ ಮಾತ್ರ ರಸ್ತೆ.

“ನೋಡಿ, ಬಿಚ್ಚಿ ಕಟ್ಟುವುದೇ ಮುಖ್ಯ, ಓಡಿಸುವುದಲ್ಲ ಅಂತ ಸರ್ಕಾರವೂ ಒಪ್ಪಿದೆ” ಎಂದು ನಾನು ಎದೆಯುಬ್ಬಿಸಿದೆ. ಅವರು ನಲ್ಲಿ ನಿಲ್ಲಿಸಿ ಬಂದು ಗೋಡೆಗೆ ಇನ್ನಷ್ಟು ವಾಲಿದರು.

“ಪೆಟ್ರೋಲ್ ಹಾಕಸಾಕ ಹೋಗಬಹುದಲ್ರೀ?”

“ಹೋಗಬಹುದು.”

“ಯಾವ ಬಂಕಿಗೆ ಹೋಗಬೇಕು ಅಂತ ಕಾನೂನಾಗ ಬರದಾರೇನು?”

“ಇಲ್ಲ.”

“ಹಂಗಾದ್ರ ಹಿಂದಿನ ಸೀಟ್ ಗಟ್ಟಿ ಮಾಡಸ್ರಿ. ರಾಯಚೂರಾಗ ನಮ್ಮ ಅಳಿಯನ ಬಂಕ್ ಅದ.”